ಚಿಟ್ಟೆಯ ಹೆಸರು ಕೇಳುವ ಮದಲು ಸೆಸಿ ನೋಡಿ

ಈಗ ಚಿಟ್ಟೆಯ ಹೆಸರು ಗೊಂತಪ್ಪಲೆ ದೊಡ್ಡ ಕಷ್ಟ ಇಲ್ಲೆ. ಜಾಲಿಲಿ ಒಂದು ಚಿಟ್ಟೆ ಬಂದು ಕೂದರೆ ಮೊಬೈಲಿಲಿ ಪಟ ತೆಗವದು, ಗೊಂತಿಪ್ಪೋರಿಂಗೆ ಕಳುಸುದು, ಕಾಪಿ ಕುಡುದು ಗ್ಲಾಸು ತೊಳವಷ್ಟರಲ್ಲಿ ಉತ್ತರ ಬತ್ತು. ಪಟ ನೋಡಿ ಹೆಸರು ಹೇಳ್ತ ಆಪುಗಳೂ ಇದ್ದು. ಒಳ್ಳೆದೇ, ಬೇಡ ಹೇಳಿ ಆನು ಹೇಳ್ತಿಲ್ಲೆ. ಆದರೆ ಹೆಸರು ಸಿಕ್ಕಿದ ಕೂಡ್ಲೆ ನೋಡುದು ನಿಂದು ಹೋವುತ್ತು. ಪಟ ಸ್ಟೇಟಸ್ಸಿಂಗೆ ಹಾಕಿ ಆತು, ಅಲ್ಲಿಗೆ ಮುಗುದತ್ತು. ಅದೇ ಚಿಟ್ಟೆಯ ಮಕ್ಕೊ ಬೇನ್ಸೊಪ್ಪಿನ ಸೆಸಿಲಿ ಎಲೆ ತಿಂತಾ ಇದ್ದರೆ ಮಾಂತ್ರ "ಅಯ್ಯೋ ಹುಳು" ಹೇಳಿ ಮದ್ದು ಬಿಡುಲೆ ಹೆರಡುತ್ತವು.

ಚಿಟ್ಟೆಯ ಗುರ್ತ ಹಿಡಿಯೆಕ್ಕಾರೆ ಸುರುವಿಂಗೆ ನೋಡೆಕ್ಕಾದ್ದು ರೆಕ್ಕೆಯ ಬಣ್ಣವ ಅಲ್ಲ, ಅದು ಮೊಟ್ಟೆ ಮಡುಗುವ ಸೆಸಿಯ ಹೇಳಿ ಎನ್ನ ವಾದ. ಹಾಂಗೆ ನೋಡಿರೆ ಮನೆಲಿಪ್ಪ ಹೆಮ್ಮಕ್ಕೊಗೆ ಈ ವಿದ್ಯೆ ಅರ್ಧ ಬತ್ತು. ಯಾವ ಸೆಸಿ ಎಲ್ಲಿದ್ದು, ಯೇವಗ ಚಿಗುರುತ್ತು, ಯಾವ ಎಲೆ ಒಟ್ಟೆ ಆಯಿದು ಹೇಳಿ ನಮ್ಮಂದ ಹೆಚ್ಚು ಗೊಂತಿಪ್ಪದು ಆರಿಂಗೆ?

ಕಾರಣ ಹೇಳ್ತೆ. ಚಿಟ್ಟೆ ಜೇನು ಕುಡಿವಲೆ ಹತ್ತು ನಮೂನೆ ಹೂಗಿಂಗೆ ಹೋಕು. ಆದರೆ ಮೊಟ್ಟೆ ಮಡುಗುದು ಅದಕ್ಕೆ ಹೇಳಿಪ್ಪ ಕೆಲವೇ ಸೆಸಿಗಳಲ್ಲಿ. ಅಬ್ಬೆ ಚಿಟ್ಟೆ ಎಲೆಯ ಮೇಲೆ ಇಳುದು ಮುಂಗಾಲಿಲಿ ತಟ್ಟಿ ತಟ್ಟಿ ರುಚಿ ನೋಡುತ್ತು, ಸರಿ ಇದ್ದರೆ ಮಾಂತ್ರ ಮೊಟ್ಟೆ. ಹುಳು ಹುಟ್ಟಿದ ಮತ್ತೆ ಬೇರೆ ಜಾತಿಯ ಎಲೆ ಕೊಟ್ಟರೆ ಹೆಚ್ಚಿನವು ಉಪವಾಸ ಸಾಯ್ತೇ ವಿನಾ ತಿಂತಿಲ್ಲೆ. ನಮ್ಮ ಲೆಕ್ಕಲ್ಲಿ ಹೇಳ್ತರೆ, ಹೂಗು ಜೆಂಬ್ರದ ಮನೆಯ ಹಾಂಗೆ, ಉಂಡಿಕ್ಕಿ ಹೋಪಲೆ. ಮೊಟ್ಟೆ ಮಡುಗುವ ಸೆಸಿ ಹೆರಿಗೆಗೆ ಹೋಪ ಅಪ್ಪನ ಮನೆಯ ಹಾಂಗೆ. "ಎಂಗಳ ಮನೆಗೆ ಚಿಟ್ಟೆ ಬತ್ತಿಲ್ಲೆ" ಹೇಳಿ ನರ್ಸರಿಂದ ಬಣ್ಣ ಬಣ್ಣದ ಹೂಗಿನ ಸೆಸಿ ತಂದು ನೆಟ್ಟರೆ ಊಟಕ್ಕೆ ಬಕ್ಕು. ಅಲ್ಲಿ ಸಂಸಾರ ಮಾಡ.

ಬೇನ್ಸೊಪ್ಪಿಂದಲೇ ಸುರು ಮಾಡುವೊ. ಅದರಲ್ಲಿ ಸಿಕ್ಕುವ ಹುಳುಗಳಲ್ಲಿ ಒಂದು ಕಾಮನ್ ಮಾರ್ಮನ್ ಹೇಳ್ತ ಕಪ್ಪು ಚಿಟ್ಟೆಯ ಮಕ್ಕೊ. ಮೊಟ್ಟೆ ಸಾಸಮೆ ಕಾಳಿನಷ್ಟಕೆ, ಉರುಟು, ತೆಳು ಅರಿಶಿನ ಬಣ್ಣ. ಸಣ್ಣಾದಿಪ್ಪಗ ಹುಳು ಕಂದು-ಬೆಳಿ ಬಣ್ಣಲ್ಲಿ ಹಕ್ಕಿಯ ಹಿಕ್ಕೆಯ ಹಾಂಗೆ ಕಾಣ್ತು. ಅದು ಅದರ ಉಪಾಯ, ಹಿಕ್ಕೆ ಹೇಳಿ ಗ್ರೇಶಿ ಹಕ್ಕಿ ಮುಟ್ಟುತ್ತಿಲ್ಲೆ. ದೊಡ್ಡ ಆದ ಮತ್ತೆ ಎಲೆಯ ಹಾಂಗೆ ಹಸುರು. ಮುಟ್ಟಿರೆ ತಲೆಯ ಹಿಂದಂದ ಕೆಂಪು ಕವಲು ನಾಲಗೆಯ ಹಾಂಗಿಪ್ಪದು ಹೆರ ಬತ್ತು, ಒಂದು ನಮೂನೆ ಘಾಟು ವಾಸನೆಯೂ ಬತ್ತು. ಹೆದರೆಕ್ಕು ಹೇಳಿ ಇಲ್ಲೆ, ಅದು ಕಚ್ಚುತ್ತಿಲ್ಲೆ, ತೊರುಸುತ್ತಿಲ್ಲೆ. ಮತ್ತೆ ಸೊಂಟಕ್ಕೆ ಒಂದು ನೂಲು ಕಟ್ಟಿಗೊಂಡು ಗೆಲ್ಲಿಂಗೆ ಅಂಟಿ ಕೋಶ ಆವ್ತು. ಮೊಟ್ಟೆಂದ ಚಿಟ್ಟೆ ಅಪ್ಪಲೆ ಸುಮಾರು ಒಂದು ತಿಂಗಳು.

ಈ ಚಿಟ್ಟೆಯ ಪಟ ಮಾಂತ್ರ ನೋಡಿ ಹೆಸರು ಹೇಳುದು ಎಷ್ಟು ಕಷ್ಟ ಹೇಳಿ ಕೇಳಿ. ಮಾರ್ಮನಿನ ಹೆಣ್ಣುಗೊ ಮೂರು ವೇಷಲ್ಲಿ ಇರ್ತು. ಒಂದು ಗೆಂಡು ಚಿಟ್ಟೆಯ ಹಾಂಗೇ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ಹಾಂಗೆ. ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯ ಹಾಂಗೆ. ಈ ರೋಸ್ ಚಿಟ್ಟೆಗಳ ಮೈಲಿ ವಿಷ ಇದ್ದು, ಒಂದರಿ ತಿಂದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗ. ಮಾರ್ಮನಿಂಗೆ ವಿಷ ಇಲ್ಲೆ, ವಿಷ ಇಪ್ಪದರ ಸೀರೆ ಸುತ್ತಿಗೊಂಡು ಬಚಾವಪ್ಪದು. ರೆಕ್ಕೆಯ ನೋಡಿರೆ ಆರೂ ಮೋಸ ಹೋಕು. ಗುರ್ತ ಇಪ್ಪದು ಹೊಟ್ಟೆಲಿ: ರೋಸಿನ ಮೈ ಕೆಂಪು, ಮಾರ್ಮನಿನ ಮೈ ಕಪ್ಪು. ಸೆಸಿಲಿಯೂ ಇದ್ದು ಗುರ್ತ: ಬೇನ್ಸೊಪ್ಪು, ನಿಂಬೆಗೆ ಬಂದು ಮೊಟ್ಟೆ ಮಡುಗಿರೆ ಮಾರ್ಮನ್, ಬೇಲಿಯ ಈಶ್ವರಿ ಬಳ್ಳಿಗೆ ಹೋದರೆ ರೋಸ್.

ಹೀಂಗೆ ಒಂದೊಂದು ಸೆಸಿಗೆ ಒಂದೊಂದು ಒಕ್ಕಲು. ಅರಿಶಿನ ಎಲೆಲಿ ಕೊಟ್ಟಿಗೆ ಮಾಡುವಗ ಕೆಲವು ಎಲೆ ಕರೆಲಿ ಮಡುಸಿ ಅಂಟಿಸಿದ ಹಾಂಗೆ ಇಪ್ಪದರ ನಿಂಗೊ ಕಂಡಿಕ್ಕು. ಅದರ ಒಳ ಇಪ್ಪದು ಗ್ರಾಸ್ ಡೀಮನ್ ಹೇಳ್ತ ಚಿಟ್ಟೆಯ ಹುಳು ಆದಿಕ್ಕು. ದೊಡ್ಡ ಆದರೆ ಕಪ್ಪು-ಕಂದು ರೆಕ್ಕೆ, ಹಿಂದಾಣ ರೆಕ್ಕೆಲಿ ದೊಡ್ಡ ಬೆಳಿ ಮಚ್ಚೆ. ಮಾವಿನ ಎಲೆ, ಬೀಜದ ಮರದ ಎಲೆಯ ನಡುನರದ ಮೇಲೆ ಮನುಗಿದ ಹಸುರು ಹುಳು ಬ್ಯಾರನ್. ಬೆನ್ನಿಲಿ ಒಂದು ಗೆರೆ, ಎರಡು ಹೊಡೆಲಿ ಗರಿಯ ಹಾಂಗಿಪ್ಪ ಮುಳ್ಳು. ಬೆನ್ನಿನ ಗೆರೆಯ ಎಲೆಯ ನರಕ್ಕೆ ಸರಿಯಾಗಿ ಕೂಡುಸಿ ಮನುಗಿರೆ ಕನ್ನಡಕ ಹಾಕಿರೂ ಕಾಣ. ಸೀತಾಫಲ, ಸಂಪಗೆ ಇದ್ದರೆ ಹಸುರು ಮಚ್ಚೆಯ ಟೈಲ್ಡ್ ಜೇ ಬಕ್ಕು. ಎಕ್ಕದ ಗೆಡುವಿಲಿ ಕಪ್ಪು-ಬೆಳಿ-ಅರಿಶಿನ ಪಟ್ಟೆಯ ಹುಳು ಪ್ಲೇನ್ ಟೈಗರಿಂದು. ಕಣಗಿಲೆಯ ಎಲೆಯ ಅಡಿಲಿ ಬೆಳ್ಳಿ ತುಂಡು ನೇಲುಸಿದ ಹಾಂಗೆ ಹೊಳೆತ್ತಾ ಇದ್ದರೆ ಅದು ಕಾಮನ್ ಕ್ರೋ ಚಿಟ್ಟೆಯ ಕೋಶ. ಒಂದರಿ ಕಂಡರೆ ಮತ್ತೆ ಮರವಲೆ ಎಡಿಯ.

ಪತಂಗದ ಮಾತು ಹೇಳದ್ದರೆ ಅನ್ಯಾಯ ಆವ್ತು. ಚಿಟ್ಟೆ ಕಂಡರೆ "ಎಷ್ಟು ಚೆಂದ" ಹೇಳುವವೇ ಇರುಳು ಲೈಟಿಂಗೆ ಪತಂಗ ಬಂದರೆ ಹಿಡಿಸೂಡಿ ತೆಕ್ಕೊಳ್ತವು. ಪಶ್ಚಿಮ ಘಟ್ಟಲ್ಲಿ ಚಿಟ್ಟೆ 330ಕ್ಕೆ ಹೆಚ್ಚು ಜಾತಿ ಇದ್ದರೆ, ನಮ್ಮ ದೇಶಲ್ಲಿ ಪತಂಗ ಸಾವಿರಗಟ್ಳೆ ಜಾತಿ ಇದ್ದು. ನಾವು ಮದುವೆಗೆ ಸುತ್ತುವ ರೇಶ್ಮೆ ಸೀರೆಯ ನೂಲು ಕೊಟ್ಟದೂ ಪತಂಗದ ಹುಳುವೇ. ವ್ಯತ್ಯಾಸ ನೋಡುಲೆ ಸುಲಭ ದಾರಿ ಮೀಸೆ: ಚಿಟ್ಟೆಯ ಮೀಸೆಯ ತುದಿಲಿ ಒಂದು ಸಣ್ಣ ಗುಂಡು ಇರ್ತು, ಪತಂಗದ್ದು ಬರೇ ನೂಲಿನ ಹಾಂಗೋ ಗರಿಯ ಹಾಂಗೋ ಇರ್ತು. ಹೆಚ್ಚಿನ ಚಿಟ್ಟೆಗೊ ಕೂಪಗ ರೆಕ್ಕೆಯ ಬೆನ್ನಿನ ಮೇಲೆ ಕೈ ಮುಗುದ ಹಾಂಗೆ ಜೋಡುಸುತ್ತು, ಹೆಚ್ಚಿನ ಪತಂಗಂಗೊ ಹಂಚಿನ ಮಾಡಿನ ಹಾಂಗೆ ಇಳಿಶಿಯೋ, ಚಪ್ಪಟೆ ಹರಗಿಯೋ ಕೂರ್ತು. ಹಗಲು ಹಾರ್ತ ಪತಂಗಂಗಳೂ ಇದ್ದ ಕಾರಣ ಹೊತ್ತು ನೋಡಿ ತೀರ್ಮಾನ ಮಾಡೆಡಿ.

ನಂದಿಬಟ್ಲಿನ ಎಲೆ ಖಾಲಿ ಮಾಡ್ತ, ಎದುರಾಣ ಹೊಡೆಲಿ ನೀಲಿ ಕಣ್ಣಿನ ಹಾಂಗಿಪ್ಪ ಗುರ್ತ ಇಪ್ಪ ದೊಡ್ಡ ಹಸುರು ಹುಳುವೂ ಪತಂಗದ್ದೇ. ಅದರಂದ ಬಪ್ಪ ಹಸುರು ಪತಂಗ ಸೈನಿಕರ ಅಂಗಿ ಹಾಕಿದ ಹಾಂಗಿರ್ತು. ಇನ್ನು ಗೇಣಷ್ಟು ಅಗಲದ ಅಟ್ಲಾಸ್ ಪತಂಗ ಬಂದು ಗೋಡೆಲಿ ಕೂದರೆ ಕೆಲವು ಜನ ಸಕ್ಕರೆ ನೀರು ಮಡುಗುತ್ತವು. ಪುಣ್ಯದ ಕೆಲಸ ಹೇಳಿ ಗ್ರೇಶಿ ಮಾಡುದು, ಆದರೆ ಅದಕ್ಕೆ ತಿಂಬ ಬಾಯಿಯೇ ಇಲ್ಲೆ. ಹುಳು ಆದಿಪ್ಪಗ ತಿಂದದರಲ್ಲೇ ಕೆಲವು ದಿನ ಬದುಕ್ಕಿ, ಜೋಡಿ ಹುಡ್ಕಿ, ಮೊಟ್ಟೆ ಮಡುಗಿ ಸಾಯ್ತು. ಅದಕ್ಕೆ ನಿಂಗೊ ಮಾಡ್ಲೆ ಎಡಿಗಾದ ಉಪಕಾರ ಒಂದೇ, ಜಾಲಿನ ಲೈಟು ನಂದುಸುದು. ಇಪ್ಪ ನಾಕು ದಿನವ ಬಲ್ಬಿಂಗೆ ಸುತ್ತು ಬಂದು ಕಳವದು ಬೇಡ ಅದಕ್ಕೆ.

ಇನ್ನು ಮದ್ದಿನ ವಿಷಯ. "ಹುಳುವಿನ ಬಿಟ್ಟರೆ ಬೇನ್ಸೊಪ್ಪು ಎಂಗೊಗೆ ಎಲ್ಲಿ ಒಳಿತ್ತು?" ಹೇಳಿ ಕೇಳುವವು ಇದ್ದವು. ನ್ಯಾಯದ ಪ್ರಶ್ನೆಯೇ. ಮೊಳ ಉದ್ದದ ಸೆಸಿಲಿ ಐದಾರು ಹುಳು ಇದ್ದರೆ ಎರಡು ದಿನಲ್ಲಿ ಬರೇ ಕಡ್ಡಿ ಒಳಿಗು. ಅಂಬಗ ಎಲೆ ಸಮೇತ ಹುಳುವಿನ ತೆಗದು ದೊಡ್ಡ ಬೇನ್ಸೊಪ್ಪಿನ ಮರಕ್ಕೋ, ನಿಂಬೆಗೋ ಬಿಟ್ಟರೆ ಆತು. ಜಾಗೆ ಇದ್ದರೆ ಎರಡು ಸೆಸಿ ನೆಡಿ, ಒಂದು ಕೊದಿಲಿಂಗೆ, ಒಂದು ಚಿಟ್ಟೆಗೆ. ಹುಟ್ಟಿದ ಹುಳು ಎಲ್ಲ ಚಿಟ್ಟೆ ಆವ್ತೂ ಇಲ್ಲೆ, ಹೆಚ್ಚಿನದರ ಹಕ್ಕಿ, ಕಣಜ, ಜೇಡ ತಿಂದು ಮುಗುಶುತ್ತು. ಅದೆಲ್ಲ ಬಿಟ್ಟು ವಿಷ ಬಿಟ್ಟರೆ, ಆ ಎಲೆ ನಾಳಂಗೆ ಹೋಪದು ನಮ್ಮದೇ ಒಗ್ಗರಣೆಗೆ ಅಲ್ಲದಾ?

ಎಲ್ಲಾ ಹುಳುವಿಂಗೂ ಆರತಿ ಎತ್ತಿ ಹೇಳ್ತಿಲ್ಲೆ ಆನು. ಬಾಳೆ ಎಲೆಯ ಸುರುಳಿ ಸುತ್ತಿ ಒಳ ಕೂಪ ಬನಾನಾ ಸ್ಕಿಪ್ಪರಿನ ಹುಳು ಹೆಚ್ಚಾದರೆ ಉಂಬಲೆ ಒಂದು ಎಲೆ ಸಿಕ್ಕ. ಆದರೆ ಅದರ ಗುರ್ತ ಗೊಂತಿದ್ದರೆ ಸುರುಳಿ ಕೊಯ್ದು ತೆಗದರೆ ಮುಗುದತ್ತು, ಇಡೀ ತೋಟಕ್ಕೆ ಮದ್ದು ಬಿಡೆಕ್ಕಾಗಿಲ್ಲೆ. ರೋಮ ಇಪ್ಪ ಕಂಬಳಿಹುಳುವಿನ ಬರೇ ಕೈಲಿ ಮುಟ್ಟೆಡಿ, ಕೆಲವು ತೊರುಸುಗು. ಯಾವುದರ ತೆಗೆಯೆಕ್ಕು, ಯಾವುದರ ಬಿಡೆಕ್ಕು ಹೇಳಿ ಗೊಂತಪ್ಪದೇ ಈ ಗುರ್ತ ಹಿಡಿವ ವಿದ್ಯೆಯ ದೊಡ್ಡ ಉಪಯೋಗ. ಹೆಸರಿನ ಪಟ್ಟಿ ಮಾಡಿ ಆರಿಂಗೋ ತೋರ್ಸುಲೆ ಅಲ್ಲ.

ಎನಗೆ ಹೆಚ್ಚು ಸಂಕಟ ಅಪ್ಪದು ಬೇಲಿ ಕರೆಯ ನೋಡಿಯಪ್ಪಗ. ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆ. ಕಪ್ಪು ಮುಂದಾಣ ರೆಕ್ಕೆ, ಹೊಂಬಣ್ಣದ ಹಿಂದಾಣ ರೆಕ್ಕೆ, ಹಾರಿರೆ ಸಣ್ಣ ಹಕ್ಕಿಯೇ ಹೋದ ಹಾಂಗೆ. ಅದರ ಹುಳು ತಿಂಬದು ಈಶ್ವರಿ ಬಳ್ಳಿಯ ಜಾತಿಯ ಎಲೆಯನ್ನೇ, ರೋಸ್ ಚಿಟ್ಟೆಗಳೂ ಹಾಂಗೇ. ಈ ಬಳ್ಳಿ ಬೆಳವದು ಬೇಲಿಲಿ, ಗುಡ್ಡೆ ಕರೆಲಿ, ಪೊದೆಲಿ. ನಾವೀಗ ಬೇಲಿ ತೆಗದು ಕಾಂಪೌಂಡು ಕಟ್ಟುತ್ತು, ಜಾಲಿಂಗೆ ಇಂಟರ್‌ಲಾಕ್ ಹಾಕುತ್ತು, ಒಳುದ ಕರೆಗೆ ಹುಲ್ಲು ಸಾವ ಮದ್ದು ಬಿಡ್ತು. ಮತ್ತೆ ರಾಜ್ಯ ಚಿಟ್ಟೆಯ ಪಟವ ಒಬ್ಬಕ್ಕೊಬ್ಬ ಕಳುಸಿಗೊಳ್ತು. ಬಳ್ಳಿ ಇಲ್ಲದ್ದಲ್ಲಿ ಆ ಚಿಟ್ಟೆ ಸಂಸಾರ ಹೂಡುಲೆ ಸಾಧ್ಯ ಇಲ್ಲೆ, ಅದಕ್ಕೆ ಎರಡ್ನೇ ದಾರಿ ಗೊಂತಿಲ್ಲೆ. ಮೂಡಬಿದ್ರೆ ಹತ್ತರೆ ಬೆಳುವಾಯಿಲಿ ಒಂದು ಚಿಟ್ಟೆ ಪಾರ್ಕ್ ಇದ್ದು, ಅಲ್ಲಿಯೂ ಮುಖ್ಯ ಕೆಲಸ ಚಿಟ್ಟೆಗೊಕ್ಕೆ ಬೇಕಾದ ಸೆಸಿ-ಬಳ್ಳಿಯ ಬೆಳೆಶುದು. ಸೆಸಿ ಇದ್ದರೆ ಚಿಟ್ಟೆ ತನ್ನಷ್ಟಕೇ ಬತ್ತು.

ನೋಡುಲೆ ಆಶೆ ಇದ್ದರೆ ದುಡ್ಡು ಖರ್ಚಿಲ್ಲೆ. ಮಕ್ಕಳ ಹಳೇ ನೋಟ್ ಪುಸ್ತಕ ಒಂದು ಸಾಕು. ದಿನ, ಹೊತ್ತು, ಯಾವ ಸೆಸಿ, ಅಲ್ಲಿ ಎಂತ ಮಾಡ್ತಾ ಇತ್ತು, ಮೈಯ ಬಣ್ಣ ಎಂತ ಹೇಳಿ ಬರದು ಮಡುಗಿ. ಪಟ ತೆಗೆತ್ತರೆ ರೆಕ್ಕೆಯ ಮೇಲಾಣ ಹೊಡೆದು ಒಂದು, ಅಡಿಯಾಣ ಹೊಡೆದು ಒಂದು, ಸೆಸಿದೂ ಒಂದು. ಮತ್ತೆ ಬೇಕಾರೆ ಹೆಸರು ಹುಡ್ಕಿ. ಕೃಷ್ಣಮೇಘ ಕುಂಟೆ 2000ರಲ್ಲಿ ದಕ್ಷಿಣ ಭಾರತದ ಚಿಟ್ಟೆಗಳ ಬಗ್ಗೆ, ಐಸಾಕ್ ಕೆಹಿಂಕರ್ 2008ರಲ್ಲಿ ಇಡೀ ದೇಶದ ಚಿಟ್ಟೆಗಳ ಬಗ್ಗೆ ಬರದ ಪುಸ್ತಕಂಗೊ ಇದ್ದು, ಇಂಗ್ಲಿಷಿಲಿ ಇಪ್ಪದಾದರೂ ಪಟ ನೋಡಿಯೇ ಸುಮಾರು ಅರ್ಥ ಆವ್ತು. ಪುಳ್ಳಿಯಕ್ಕೊ ರಜೆಲಿ ಬಂದಿಪ್ಪಗ ಮೊಬೈಲಿಂದ ಕಣ್ಣು ತೆಗೆಶೆಕ್ಕು ಹೇಳಿ ಇದ್ದರೆ ಬೈದರೆ ಆಗ, ಒಂದು ಹುಳುವಿನ ತೋರ್ಸಿ. ಅದು ಕೋಶ ಆತೋ ಇಲ್ಲೆಯೋ ನೋಡುಲೆ ಉದಿಯಪ್ಪಗ ಅವೇ ನಿಂಗಳ ಏಳುಸುಗು.

ಇಂದು ಕೊದಿಲಿಂಗೆ ಬೇನ್ಸೊಪ್ಪು ಕೊಯ್ವಲೆ ಹೋದಿಪ್ಪಗ ಚಿಗುರಿನ ಎಲೆಯ ಒಂದರಿ ತಿರುಗುಸಿ ನೋಡಿ. ಅಲ್ಲಿ ಹಕ್ಕಿಯ ಹಿಕ್ಕೆಯ ಹಾಂಗೆ ಎಂತಾರೂ ಕಂಡರೆ ಒರಸಿ ಇಡುಕ್ಕೆಡಿ, ಆ ಗೆಲ್ಲಿನ ಬಿಟ್ಟು ಬೇರೆದರ ಕೊಯ್ಯಿ.