ಬರದಿದ್ದರೆ ಜಗ್ಗಬೇಡಿ, ನೋಡಿ

ಬಿಂಕದಕಟ್ಟಿಯ ನಮ್ಮ ಮನೆ ಮುಂದೆ ಒಂದು ಹಳೆಯ ಅಂಬಾಸಿಡರ್ ನಿಂತಿದೆ. ಅಪ್ಪ ಅದರಲ್ಲೇ ಬಾಡಿಗೆ ಹೊಡೆದು ನನ್ನನ್ನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಸಿದರು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಅಪ್ಪನ ಅಭಿಮಾನ ಮಾತ್ರ ನಿಂತಿಲ್ಲ.

ಡ್ಯಾಶ್‌ಬೋರ್ಡಿಗೆ ಹಿಂದಿನ ಮಾಲೀಕರು ಕೂಡಿಸಿದ ಮರದ ಪಟ್ಟಿಯೊಂದಿತ್ತು. ಬಿಸಿಲಿಗೆ ಅದರ ಮೇಲ್ಪದರ ಎದ್ದಿತ್ತು. ‘ಎಂಜಿನಿಯರ್ ಅದಿ, ಬಿಚ್ಚಿ ಪಾಲಿಶ್ ಮಾಡಿಸು’ ಎಂದರು ಅಪ್ಪ. ಕಂಡ ನಾಲ್ಕು ಸ್ಕ್ರೂ ತೆಗೆದು ಜಗ್ಗಿದೆ. ಲಟಕ್ಕನೆ ಗೇಣುದ್ದ ಸೀಳಿತು. ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಗ್ಯಾರೇಜಿನ ಕಾಕಾ ಬಂದರು. ಓದಿದ್ದು ಏಳನೇ ಇಯತ್ತೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದರು. ಹಿಂದಿನ ವೈರುಗಳು ತಾಗಿ ಕಿಡಿ ಹಾರಬಾರದಲ್ಲ. ಆಮೇಲೆ ಸ್ವಿಚ್ಚಿನ ಗುಬ್ಬಿ ಬಿಚ್ಚಿ, ವೈರುಗಳ ಫೋಟೊ ತೆಗೆಯಲು ನನಗೆ ಹೇಳಿದರು. ಆ್ಯಷ್‌ಟ್ರೇ ಎಳೆದರೆ ಅದರ ಹಿಂದೆ ಐದನೇ ಸ್ಕ್ರೂ! ಅಂಚಿನಲ್ಲಿ ಗೋಂದು ಬೇರೆ. ಹೇರ್ ಡ್ರೈಯರಿನಿಂದ ಕಾಸಿ, ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಂದು ತುದಿಯಿಂದ ಇಷ್ಟಿಷ್ಟೇ ಎಬ್ಬಿಸಿದರು. ‘ಬರಲಿಲ್ಲಂದ್ರ ಜಗ್ಗಬ್ಯಾಡ ತಮ್ಮಾ. ಯಾಕ ಬರವಲ್ದು ನೋಡು’ ಎಂದರು.

ನಾಲ್ಕು ವರ್ಷದ ಪ್ರಾಕ್ಟಿಕಲ್‌ನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಯಂತ್ರದ ಸುತ್ತ ಇಪ್ಪತ್ತು ಮಂದಿ ನಿಲ್ಲುತ್ತಿದ್ದೆವು. ಮುಂದಿದ್ದ ಇಬ್ಬರು ಮುಟ್ಟುತ್ತಿದ್ದರು, ಉಳಿದವರು ಸೀನಿಯರ್‌ಗಳ ರೆಕಾರ್ಡ್ ನಕಲು ಮಾಡುತ್ತಿದ್ದೆವು. ಸಂದರ್ಶನವೊಂದರಲ್ಲಿ ‘ನೀವೇ ಕೈಯಾರೆ ಬಿಚ್ಚಿ ಜೋಡಿಸಿದ್ದು ಏನು?’ ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ.

ಹಾಗೆಂದು ಪದವಿ ದಂಡ, ಎಲ್ಲರೂ ಗ್ಯಾರೇಜು ಸೇರಿ ಎನ್ನುತ್ತಿಲ್ಲ. ಬಿಸಿಗೆ ಗೋಂದು ಏಕೆ ಸಡಿಲುತ್ತದೆ, ತೇವಕ್ಕೆ ಮರ ಏಕೆ ಉಬ್ಬುತ್ತದೆ ಎಂಬುದನ್ನು ಪುಸ್ತಕವೇ ಕಲಿಸಿತು. ಆದರೆ ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಬೆರಳಿಗೇ ಗೊತ್ತಾಗಬೇಕು. ಕಾಲೇಜುಗಳು ಪ್ರತಿ ವಿದ್ಯಾರ್ಥಿಗೂ ಒಂದು ಹಳೆಯ ಯಂತ್ರ ಬಿಚ್ಚಿ, ಮರಳಿ ಜೋಡಿಸುವ ಕೆಲಸ ಕೊಡಲಿ. ಅಂಕವನ್ನು ರೆಕಾರ್ಡಿಗಲ್ಲ, ಜೋಡಣೆಗೆ ಕೊಡಲಿ. ‘ಸಿಇಟಿ, ಕೆಪಿಎಸ್‌ಸಿ ಓದಿಗೇ ಹೊತ್ತಿಲ್ಲ’ ಎನ್ನುವ ಗೆಳೆಯರಿಗೂ ಭಾನುವಾರದ ಎರಡು ತಾಸು ಸಿಕ್ಕೇ ಸಿಗುತ್ತದೆ. ಮೊಬೈಲ್ ತಿನ್ನುವ ಹೊತ್ತಿಗಿಂತ ಅದು ಕಡಿಮೆಯೇ.

ಸೀಳಿದ ಪಟ್ಟಿಗೆ ಅಂಟು ಹಾಕಿ, ಬಿಗಿದು ಒಂದು ರಾತ್ರಿ ಒಣಗಿಸಿದೆವು. ಮೇಲ್ಪದರ ಒಂದು ಮಿಲಿಮೀಟರ್ ಕೂಡ ದಪ್ಪವಿರಲಿಲ್ಲ. ಹೀಗಾಗಿ ನುಣುಪು ಕಾಗದದಿಂದಲೇ, ಎಳೆಯ ಗುಂಟ ಮೆಲ್ಲಗೆ ಉಜ್ಜಿ ಪಾಲಿಶ್ ಹಚ್ಚಿದೆ. ಮರಳಿ ಕೂಡಿಸಿದ್ದು ನಾನೇ. ಐದೂ ಸ್ಕ್ರೂ ಲೆಕ್ಕಕ್ಕೆ ಸಿಕ್ಕವು. ದಿಟ್ಟಿಸಿ ನೋಡಿದರೆ ಸೀಳಿನ ಗೆರೆ ಕಾಣುತ್ತದೆ.

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಸಂದರ್ಶನದಲ್ಲಿ ಆ ಪ್ರಶ್ನೆ ಮತ್ತೆ ಬಂದರೆ ಈ ಸಲ ಸುಮ್ಮನೆ ಕೂರುವುದಿಲ್ಲ. ಸೀಳಿದ್ದರಿಂದಲೇ ಶುರು ಮಾಡುತ್ತೇನೆ.