ಬಂಗಾರವಿದ್ದೂ ನಾಣ್ಯವಿಲ್ಲ



ಬಸವ ಜಯಂತಿಯೂ ಅಕ್ಷಯ ತೃತೀಯೆಯೂ ವೈಶಾಖ ಶುದ್ಧ ತದಿಗೆಯಂದೇ ಬರುತ್ತವೆ. ಮುಂಜಾನೆ ಮೆರವಣಿಗೆಯಲ್ಲಿ ಪಾಲ್ಗೊಂಡವರೇ ಮಧ್ಯಾಹ್ನ ಚಿನ್ನದ ಅಂಗಡಿಯ ಸಾಲಿನಲ್ಲಿ ನಿಂತಿರುವುದುಂಟು. ಅವರನ್ನು ಹಳಿಯಲು ಈ ಬರಹವನ್ನು ಬರೆಯುತ್ತಿಲ್ಲ. ಕಾಯಕದಿಂದ ಬಂದುದರಲ್ಲಿ ನಾಲ್ಕು ಕಾಸು ಉಳಿಸಿ, ಮುಪ್ಪಿನ ಕಾಲಕ್ಕೆಂದು ಒಂದು ಗ್ರಾಂ ನಾಣ್ಯ ಕೊಳ್ಳುವ ತಾಯಿಯನ್ನು ಲೋಭಿ ಎನ್ನಲು ನಾಲಗೆ ಏಳದು. ಆದರೆ ಆ ತಾಯಿಯಿಂದ ಪೇಟೆಯು ಏನನ್ನು ವಸೂಲು ಮಾಡುತ್ತದೆ ಎಂಬುದನ್ನು ವಿಚಾರಿಸಲೇಬೇಕು.

"ನಾಣ್ಯ ಖಾಲಿಯಾಗಿದೆ" ಎಂದು ಅಂಗಡಿಯವರು ಹೇಳಿದೊಡನೆ ಲೋಕದಲ್ಲಿ ಬಂಗಾರವೇ ಬರಿದಾಯಿತೆಂದು ನಾವು ಭಾವಿಸುತ್ತೇವೆ. ಬಂಗಾರದ ಪೂರೈಕೆ ಬೇರೆ, ನಾಣ್ಯದ ಪೂರೈಕೆ ಬೇರೆ. ಲಂಡನ್ನಿನ ಸಗಟು ಪೇಟೆಯ ಗಟ್ಟಿ ಒಂದೊಂದೂ ಸುಮಾರು 12.5 ಕಿಲೋ ತೂಗುತ್ತದೆ. ಅದನ್ನು ಕರಗಿಸಿ, ತಗಡಾಗಿಸಿ, ಬಿಲ್ಲೆ ಕತ್ತರಿಸಿ, ಅಚ್ಚೊತ್ತಿದ ಮೇಲಷ್ಟೇ ಅದು ನಮ್ಮ ಕೈಗೆ ಬರುವ ನಾಣ್ಯ. ಆ ಕೆಲಸ ಮಾಡುವ ದೊಡ್ಡ ಕಾರ್ಖಾನೆಗಳು ಕೆಲವೇ. 2020ರ ಮಾರ್ಚಿಯಲ್ಲಿ ಕೊರೊನಾ ಕಾರಣದಿಂದ ಸ್ವಿಟ್ಜರ್ಲೆಂಡಿನ ಟಿಚಿನೋ ಪ್ರಾಂತ್ಯದ ಮೂರು ಪ್ರಮುಖ ಶುದ್ಧೀಕರಣಾಲಯಗಳು ಬಾಗಿಲು ಹಾಕಿದವು. (ಅವುಗಳಲ್ಲೊಂದಾದ ವಾಲ್ಕಾಂಬಿಯನ್ನು 2015ರಲ್ಲಿ ಕೊಂಡದ್ದು ನಮ್ಮ ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್.) ಲಂಡನ್ನಿನ ನೆಲಮಾಳಿಗೆಗಳಲ್ಲಿ ಗಟ್ಟಿಗಳು ರಾಶಿ ಬಿದ್ದಿದ್ದರೂ ಯುರೋಪು, ಅಮೆರಿಕೆಗಳ ಸಾಮಾನ್ಯರಿಗೆ ಸಣ್ಣ ನಾಣ್ಯ ಸಿಗುವುದು ದುರ್ಲಭವಾಯಿತು, ಸಿಕ್ಕಲ್ಲಿ ಪೇಟೆಯ ದರದ ಮೇಲೆ ಬಹಳ ಹೆಚ್ಚು ತೆರಬೇಕಾಯಿತು. ಕಾರ್ಖಾನೆಗಳು ಮತ್ತೆ ತೆರೆದವು. ಅವಸರದಲ್ಲಿ ಹೆಚ್ಚು ತೆತ್ತವರ ಹಣ ಮಾತ್ರ ಮರಳಲಿಲ್ಲ.

ನಮ್ಮ ದೇಶದ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ದೊರೆಯುವುದು ನಮ್ಮ ಬೇಡಿಕೆಯ ಮುಂದೆ ಸಾಸಿವೆಯಷ್ಟು. ಉಳಿದುದಕ್ಕೆಲ್ಲ ಹಳೆಯ ಒಡವೆ ಕರಗಬೇಕು, ಇಲ್ಲವೇ ಹೊರದೇಶದಿಂದ ಬರಬೇಕು. 2013ರಲ್ಲಿ ರೂಪಾಯಿ ಕುಸಿದಾಗ ಚಿನ್ನದ ನಾಣ್ಯಗಳ ಆಮದನ್ನೇ ನಿಲ್ಲಿಸಲಾಗಿತ್ತು. 2015ರ ಫೆಬ್ರವರಿಯಲ್ಲಿ ಅದು ತೆರವಾಯಿತು.

ದರ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ಪಾಠದ ಮಾತು. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಅಪರಂಜಿಯ ದರ ಒಂದು ಲಕ್ಷ ರೂಪಾಯಿ ಮುಟ್ಟಿತು. ಆ ವರ್ಷ ಒಡವೆಯ ಬೇಡಿಕೆ ತೂಕದಲ್ಲಿ ಕುಗ್ಗಿತಾದರೂ ನಾಣ್ಯ, ಗಟ್ಟಿಗಳ ಬೇಡಿಕೆ ಹೆಚ್ಚಿತು. ಒಡವೆಯ ಮಜೂರಿ ಉಳಿಯಿತೆಂಬ ಸಮಾಧಾನ ಒಂದೆಡೆ, ನಾಳೆ ಇನ್ನೂ ಏರೀತೆಂಬ ಅಂಜಿಕೆ ಇನ್ನೊಂದೆಡೆ.

ಇಲ್ಲಿಯೇ ಅನ್ಯಾಯ ಅಡಗಿದೆ. ಒಂದು ಗ್ರಾಂ ನಾಣ್ಯಕ್ಕೂ ಹತ್ತು ಗ್ರಾಂ ನಾಣ್ಯಕ್ಕೂ ಅಚ್ಚಿನ ಶ್ರಮ, ಪೊಟ್ಟಣದ ಖರ್ಚು ಹೆಚ್ಚುಕಡಿಮೆ ಒಂದೇ. ಆದುದರಿಂದ ಗ್ರಾಮೊಂದಕ್ಕೆ ಅತಿ ಹೆಚ್ಚು ತೆರುವವರು ಅತಿ ಕಡಿಮೆ ಕೊಳ್ಳುವವರೇ. 2017ರ ಜುಲೈಯಿಂದ ಬಂದ ಶೇಕಡ 3ರ ಜಿಎಸ್‌ಟಿ ಲಕ್ಷಕ್ಕೆ ಮೂರು ಸಾವಿರವಾಗುತ್ತದೆ. ಮಾರುವಾಗ ಇದೂ ಮಜೂರಿಯೂ ಕೈಗೆ ಬಾರವು. ಬ್ಯಾಂಕುಗಳು ಉತ್ಸಾಹದಿಂದ ನಾಣ್ಯ ಮಾರುತ್ತಿದ್ದ ಕಾಲದಲ್ಲಿ, ತಾವೇ ಮಾರಿದುದನ್ನು ಮರಳಿ ಕೊಳ್ಳಲು ಅವಕ್ಕೆ ಅನುಮತಿಯೇ ಇರಲಿಲ್ಲ. ಇದನ್ನು ಬಲ್ಲವರೆಷ್ಟು ಮಂದಿ?

ಒಂದು ಗ್ರಾಮಿನಿಂದ ಕೊಳ್ಳಬಹುದಾಗಿದ್ದ, ಮಜೂರಿಯೇ ಇಲ್ಲದ ಸರ್ಕಾರದ ಚಿನ್ನದ ಬಾಂಡುಗಳು 2024ರ ಫೆಬ್ರವರಿಯ ಕಂತಿನೊಡನೆ ನಿಂತವು. ಬೊಕ್ಕಸಕ್ಕೆ ಭಾರವಾಯಿತೆಂಬುದು ನಿಜ. ಆದರೆ ಅದರಿಂದ ಸಣ್ಣ ಉಳಿತಾಯಗಾರರು ಮತ್ತೆ ಅಂಗಡಿಯ ಮುಂದೆಯೇ ನಿಲ್ಲುವಂತಾಯಿತು. ಇದು ಸರಿಯಾದ ನಿರ್ಧಾರವೆಂದು ನನಗೆ ತೋರದು. ಬಾಂಡು ಇಲ್ಲದಿದ್ದರೆ ಹೋಗಲಿ, ಲೋಹದ ಬೆಲೆ, ಮಜೂರಿ, ಮರಳಿ ಕೊಳ್ಳುವ ದರ ಈ ಮೂರನ್ನೂ ರಸೀದಿಯಲ್ಲಿ ಬೇರೆ ಬೇರೆಯಾಗಿ ಬರೆಯುವ ಕಟ್ಟುಪಾಡಾದರೂ ಬರಬೇಕು.

ಅದು ಬರುವವರೆಗೆ, ತದಿಗೆಯ ದಿನ ಹಣ ಎಣಿಸುವ ಮೊದಲು ಅಂಗಡಿಯವರನ್ನು ಹೀಗೆ ಕೇಳಿರಿ: "ಇದೇ ನಾಣ್ಯವನ್ನು ಇಂದೇ ಸಂಜೆ ನಿಮಗೇ ಮರಳಿ ತಂದುಕೊಟ್ಟರೆ ಎಷ್ಟು ಕೊಡುವಿರಿ?"