ಕೋಟೆಯನ್ನು ಓದಿಸಿದ ತ.ರಾ.ಸು.

ಚಿತ್ರದುರ್ಗದ ಕೋಟೆ ಹತ್ತುವವರಲ್ಲಿ ಅನೇಕರು ಅದನ್ನು ಮೊದಲು ಕಂಡದ್ದು ಪರದೆಯ ಮೇಲೆ, ಇಲ್ಲವೇ ಪುಸ್ತಕದಲ್ಲಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಈ ಕೋಟೆಯ ಓಬವ್ವನ ಕಿಂಡಿಯನ್ನು ನಾಡಿಗೆಲ್ಲ ತೋರಿಸಿತು. ಆ ಚಿತ್ರಕ್ಕೆ ಮೂಲವಾದ ಕಾದಂಬರಿಗಳನ್ನು ಬರೆದವರು ತ.ರಾ. ಸುಬ್ಬರಾವ್. ಕಟ್ಟಡಗಳ ಬಗ್ಗೆಯೇ ಬರೆಯುವ ಪತ್ರಕರ್ತರು ಕನ್ನಡದಲ್ಲಿ ಅಪರೂಪ. ದುರ್ಗದ ಮಟ್ಟಿಗೆ ಆ ಕೊರತೆ ತುಂಬಿದ್ದು ಪತ್ರಿಕೆಯಿಂದ ಕಾದಂಬರಿಗೆ ಬಂದ ಈ ಲೇಖಕ.

1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದ ಅವರದು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ. ಸ್ವಾತಂತ್ರ್ಯ ಚಳವಳಿಗಾಗಿ ಓದು ಬಿಟ್ಟರು. ‘ವಿಶ್ವಕರ್ನಾಟಕ’ ಮೊದಲಾದ ಪತ್ರಿಕೆಗಳಲ್ಲಿ ದುಡಿದರು. ಲೇಖಕ ಅ.ನ.ಕೃ. ಜೊತೆ ಪ್ರಗತಿಶೀಲ ಸಾಹಿತ್ಯ ಚಳವಳಿಯಲ್ಲಿ ನಿಂತರು. ಪತ್ರಿಕೆಯ ಓದುಗ ಬೇಸರ ಬಂದರೆ ಪುಟ ಮಗುಚುತ್ತಾನೆ. ಅವನನ್ನು ಹಿಡಿದು ಕೂರಿಸಲು ಪಳಗಿದ ಕೈಯೇ ಮುಂದೆ ಚರಿತ್ರೆಯನ್ನೂ ಬರೆಯಿತು.

ಆ ಚರಿತ್ರೆಗೆ ಕೋಟೆ ಬರಿಯ ಹಿನ್ನೆಲೆಯಲ್ಲ. ಇಲ್ಲಿನ ಬಾಗಿಲುಗಳು ನೇರ ಸಾಲಿನಲ್ಲಿಲ್ಲ. ದಾರಿ ತಿರುತಿರುಗಿ ಏರುತ್ತದೆ. ನುಗ್ಗಿ ಬಂದ ಶತ್ರು ಪ್ರತಿ ತಿರುವಿನಲ್ಲೂ ವೇಗ ಕಳೆದುಕೊಂಡು, ಮೇಲಿನ ಬತೇರಿಯವರ ಕಣ್ಣಿಗೆ ಬೀಳಬೇಕು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕಿಳಿಯುತ್ತದೆ. ಮದ್ದು ಅರೆಯುವ ಬೀಸುಕಲ್ಲು, ಎಣ್ಣೆಕೊಳ ಎಲ್ಲವೂ ಒಳಗೇ ಇವೆ. ಹೊರಗಿನ ಮುತ್ತಿಗೆಯನ್ನು ದೀರ್ಘಕಾಲ ತಾಳಿಕೊಳ್ಳಲು ಕಟ್ಟಿದ ಇಂಥ ಕೋಟೆಗೆ ಒಳಗಿನ ಒಡಕೇ ದೊಡ್ಡ ಅಪಾಯ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದಳವಾಯಿ ಮುದ್ದಣ್ಣನ ಕಾಲದ ಅರಮನೆಯ ಒಳಸಂಚು ಕಥೆಯಾದದ್ದು ಇದಕ್ಕೆ ಹೊಂದುತ್ತದೆ. 1779ರಲ್ಲಿ ಹೈದರ್ ಅಲಿಗೆ ದುರ್ಗ ಸೋತ ಕಥೆ ‘ದುರ್ಗಾಸ್ತಮಾನ’. 1984ರಲ್ಲಿ ಅವರು ತೀರಿಕೊಂಡ ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗೆಂದು ಕಾದಂಬರಿಯನ್ನು ದಾಖಲೆಯೆಂದು ಓದಬಾರದು. ದುರ್ಗದ ದೊರೆ ಮದಕರಿ ನಾಯಕನಿದ್ದ, ದುರ್ಗ ಬಿತ್ತು, ಇದು ಚರಿತ್ರೆ. ದುರ್ಗ ಬೀಳುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ಲೇಖಕರ ಊಹೆ. ಬಿ.ಎಲ್. ರೈಸ್ ಪ್ರಕಟಿಸಿದ ಶಾಸನಗಳು, ಹುಲ್ಲೂರು ಶ್ರೀನಿವಾಸ ಜೋಯಿಸರ ಸಂಶೋಧನೆ ಮೊದಲನೆಯದಕ್ಕೆ ಆಧಾರ. ಎರಡನೆಯದಕ್ಕೆ ಆಧಾರ ಬೇಕಿಲ್ಲ, ಆದರೆ ಅದನ್ನು ಮೊದಲನೆಯದರ ಜಾಗದಲ್ಲಿ ಕೂರಿಸಬಾರದು.

ಜಿಲ್ಲೆಯ ಉಳಿದ ಕಟ್ಟಡಗಳಿಗೆ ಇಂಥ ಓದುಗಬಳಗ ಸಿಕ್ಕಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ಗುಡಿ, 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು, ಹೊಳಲ್ಕೆರೆಯ ಬಯಲು ಗಣಪತಿ, ಹೊಸದುರ್ಗದ ಬೆಟ್ಟದ ಕೋಟೆ ಜಾತ್ರೆಗೋ ಕೋಡಿ ಬಿದ್ದಾಗಲೋ ಮಾತ್ರ ಸುದ್ದಿ. ಯಾರು ಕಟ್ಟಿಸಿದರು ಎಂಬಲ್ಲಿಗೇ ವರದಿ ನಿಲ್ಲುತ್ತದೆ. ಹೇಗೆ ಕಟ್ಟಿದರು, ಯಾರು ಕಲ್ಲು ಹೊತ್ತರು, ಯಾರ ಹೊಲಕ್ಕೆ ನೀರು ಹೋಯಿತು ಎಂದು ಕೇಳುವ ವರದಿಗಾರರು ಮೊದಲು ಬೇಕು. ಅವರಲ್ಲೊಬ್ಬರು ಮುಂದೆ ಕಾದಂಬರಿಕಾರರಾದರೆ ಅದು ನಮ್ಮ ಲಾಭ. ಆಗದಿದ್ದರೂ ಒಳ್ಳೆಯ ವರದಿಯಂತೂ ಉಳಿಯುತ್ತದೆ.